ಬಾಯೋರು ಬರೆಸಿದ ಮೃತ್ಯುಪತ್ರ

ತಿಂಗಳಿಗೊಮ್ಮೆ ರವಿವಾರ ಬೆಳಿಗ್ಗೆ, ನಾನಿನ್ನೂ ಅರೆನಿದ್ದೆಯಲ್ಲಿರುವಾಗ, ಗೋಡೆಯ ಆಚೆಯಿಂದ ಒಂದು ಗುನುಗು ಕೇಳುತ್ತಿತ್ತು. ಯಾವ ಭಾಷೆಯೋ ನನಗೆ ಗೊತ್ತಿರಲಿಲ್ಲ. ಒಬ್ಬ ಗಂಡಸಿನ ದನಿ ಮೆಲ್ಲಗೆ ಏನೋ ಹೇಳುವುದು, ಹತ್ತು ಹನ್ನೆರಡು ದನಿಗಳು ಕೂಡಿ ಅದಕ್ಕೆ ಉತ್ತರ ಕೊಡುವುದು, ಮತ್ತೆ ಎಲ್ಲ ಸುಮ್ಮನಾಗುವುದು. ಆಗ ಗದಗ ಸ್ಟೇಶನ್ನಿನಲ್ಲಿ ಇಂಜಿನ್ನು ಉಗಿ ಬಿಡುವ ಸದ್ದು ಹಾಸಿಗೆಯವರೆಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ನನಗೆ ನಾನು ಲಕ್ಷ್ಮೇಶ್ವರದಲ್ಲೇ ಇದ್ದೇನೆ, ಅಪ್ಪ ಗುಡಿಯಲ್ಲಿ ಮಂತ್ರ ಹೇಳುತ್ತಿದ್ದಾರೆ ಎಂದು ಅನಿಸುತ್ತಿತ್ತು. ಕಣ್ಣು ಬಿಟ್ಟರೆ ಮೇಲೆ ಹೆಂಚಿನ ಮಾಡು, ಕಿಟಕಿಯಲ್ಲಿ ಕಲ್ಲಿದ್ದಲ ಹೊಗೆಯ ಬೂದು ಬೆಳಕು. ಆಗ ನೆನಪಾಗುತ್ತಿತ್ತು: ಇದು ಬಾಯೋರ ಮನೆ, ಇವತ್ತು ಪಾದ್ರಿಗಳು ಬಂದಿದ್ದಾರೆ, ನಡುಮನೆಯಲ್ಲಿ ಅವರ ಪೂಜೆ ನಡೆದಿದೆ.

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಬಂದೆ. ಕಲಿಸುವ ಹೆಂಗಸನ್ನು ನಮ್ಮ ಕಡೆ ಹಾಗೇ ಕರೆಯುತ್ತಾರೆ. ನನಗಾಗ ಇಪ್ಪತ್ತೆರಡು ವರ್ಷ. ಹದಿನಾಲ್ಕಕ್ಕೆ ಮದುವೆಯಾಗಿ ಹದಿನಾರಕ್ಕೆ ಆ ಸಂಸಾರ ಮುಗಿದೂ ಹೋಗಿತ್ತು. ಅಪ್ಪ ಲಕ್ಷ್ಮೇಶ್ವರದ ಒಂದು ಸಣ್ಣ ಗುಡಿಯ ಅರ್ಚಕರು. ಮನೆಯ ಹಿರಿಯರು ಬೇಡವೆಂದರೂ ಅವರು ನನ್ನನ್ನು ಧಾರವಾಡಕ್ಕೆ ಕಳಿಸಿ ಟ್ರೇನಿಂಗ್ ಓದಿಸಿದ್ದರು. ನೌಕರಿಯೇನೋ ಸಿಕ್ಕಿತು, ಇರಲು ಮನೆ ಸಿಗಲಿಲ್ಲ. ಒಬ್ಬಳೇ ಹೆಂಗಸು, ಅದೂ ಗಂಡನಿಲ್ಲದವಳು ಎಂದರೆ ಬಾಗಿಲಲ್ಲೇ ಮಾತು ಮುಗಿಯುತ್ತಿತ್ತು. ಕಡೆಗೆ ನಮ್ಮ ಶಾಲೆಯ ಹಿರಿಯ ಅಕ್ಕೋರು ಒಬ್ಬರು, ರೈಲು ಹಳಿಯ ಹತ್ತಿರ ಒಬ್ಬ ನರ್ಸಬಾಯಿ ಇದ್ದಾರೆ, ಅವರು ಹೆಚ್ಚು ವಿಚಾರಿಸುವವರಲ್ಲ ಎಂದು ದಾರಿ ತೋರಿಸಿದರು.

ಎಲ್ಲರೂ ಬಾಯೋರು ಎಂದೇ ಕರೆಯುತ್ತಿದ್ದ ಅವರಿಗೆ ಆಗಲೇ ಅರವತ್ತು ಸಮೀಪಿಸಿತ್ತು. ಬೆಳಗಾವಿ ಕಡೆಯ ಕೊಂಕಣಿ ಮಾತಿನ ಕ್ರಿಸ್ತರು. ಇಂಜಿನ್ ಡ್ರೈವರನನ್ನು ಮದುವೆಯಾಗಿ ಗದಗಿಗೆ ಬಂದು, ರೈಲ್ವೆ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು, ಗಂಡ ತೀರಿದ ಮೇಲೂ ಇಲ್ಲೇ ಉಳಿದಿದ್ದರು. ಮಕ್ಕಳಿರಲಿಲ್ಲ. ಆದರೆ ಬೆಟಗೇರಿಯ ನೇಕಾರರ ಓಣಿಗಳಲ್ಲಿ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವರು. ಬಿಳಿ ಸೀರೆ, ಕಾಲಿಗೆ ಕಪ್ಪು ಬೂಟು. ಆ ಬೂಟಿನ ಸದ್ದು ಕೇಳಿದರೆ ಓಣಿಯ ಹೆಂಗಸರು, ಇವತ್ತು ಯಾರ ಮನೆಯಲ್ಲಿ ಕೂಸು ಎಂದು ಲೆಕ್ಕ ಹಾಕುತ್ತಿದ್ದರು.

ನನಗೆ ಮುಂದಿನ ಕೋಣೆ ಕೊಟ್ಟರು. ಅದರ ಮೂಲೆಯಲ್ಲಿ ನನ್ನ ಒಲೆ. ನನ್ನ ಮಡಿಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನೀರು ಮಾತ್ರ ಓಣಿಯ ನಳದ್ದು, ಅದಕ್ಕೆ ಜಾತಿ ಗೊತ್ತಿಲ್ಲ ಎಂದು ನಕ್ಕಿದ್ದರು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಕ್ಕಿಯನ್ನೋ ಬೇಳೆಯನ್ನೋ ಹಸನು ಮಾಡುತ್ತಿದ್ದೆವು. ಎದುರಿಗೆ ಹತ್ತಿಯ ಅಂಡಿಗೆ ತುಂಬಿದ ಗೂಡ್ಸ್ ಗಾಡಿ ನಿಧಾನಕ್ಕೆ ಹೋಗುತ್ತಿತ್ತು. ಡಬ್ಬಿಗಳ ಸಂದಿನಿಂದ ಬಿಸಿಲು ಅವರ ಮುಖದ ಮೇಲೆ ಬಿದ್ದು ಆರಿ, ಬಿದ್ದು ಆರಿ, ಅವರು ಒಂದು ಗಳಿಗೆ ಹುಡುಗಿಯ ಹಾಗೆ, ಒಂದು ಗಳಿಗೆ ಮುದುಕಿಯ ಹಾಗೆ ಕಾಣುತ್ತಿದ್ದರು. ಆಗಾಗ ಹೇಳುತ್ತಿದ್ದರು, ನನಗ ಯಾರ ಅದಾರ ಅಕ್ಕೋರ, ಈಗ ನೀವ ಎಲ್ಲಾ, ಎಂದು.

ಆ ಮಾತು ನನ್ನೊಳಗೆ ಬೇರು ಬಿಟ್ಟಿತು. ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಹಿತ್ತಲಲ್ಲಿ ಕೂತಾಗ ನಾನು ಆ ಮನೆಯನ್ನು ಮನಸ್ಸಿನಲ್ಲೇ ಸಿಂಗರಿಸುತ್ತಿದ್ದೆ. ದಕ್ಷಿಣದ ಖಾಲಿ ಜಾಗದಲ್ಲಿ ತುಳಸಿ ಕಟ್ಟೆ. ಪಡಸಾಲೆಯಲ್ಲಿ ನನ್ನ ಅವ್ವ ಕಾಲು ಚಾಚಿ ಕೂತು ಬತ್ತಿ ಹೊಸೆಯುತ್ತಿದ್ದಾಳೆ. ಅಪ್ಪ ವಯಸ್ಸಾಗಿ ಗುಡಿ ಬಿಟ್ಟು ಬಂದಿದ್ದಾರೆ, ಹಿತ್ತಲ ಬಾಗಿಲಲ್ಲಿ ರೈಲು ನೋಡುತ್ತ ನಿಂತಿದ್ದಾರೆ. ಯಾರೂ ಕೊಡುತ್ತೇನೆ ಅಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೂ ವರ್ಷದಿಂದ ವರ್ಷಕ್ಕೆ ಆ ಮನೆ ನನ್ನ ಕನಸಿನಲ್ಲಿ ನನ್ನದಾಗುತ್ತ ಬಂತು.

ಪಾದ್ರಿಗಳು ಮಂಗಳೂರು ಕಡೆಯವರು. ಐವತ್ತು ದಾಟಿದ ಸಣಕಲು ಮನುಷ್ಯ. ಅವರ ಬಿಳಿ ನಿಲುವಂಗಿಯ ಅಂಚು ನಮ್ಮ ಎರೆಮಣ್ಣಿಗೆ ಕಪ್ಪಾಗಿಬಿಟ್ಟಿತ್ತು. ಗದಗಿನಲ್ಲಿ ಅವರ ಮಂದಿಗೆ ಆಗ ಸ್ವಂತ ಚರ್ಚು ಇರಲಿಲ್ಲ. ಶನಿವಾರ ಸಂಜೆ ಹುಬ್ಬಳ್ಳಿ ಗಾಡಿಗೆ ಇಳಿದು, ಸ್ಟೇಶನ್ನಿನ ವೇಟಿಂಗ್ ರೂಮಿನಲ್ಲಿ ಮಲಗಿ, ನಸುಕಿಗೆ ಬಾಯೋರ ಮನೆಗೆ ಬಂದು ಊಟದ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿ ಪೂಜೆ ಮಾಡುತ್ತಿದ್ದರು. ರೈಲ್ವೆಯ ನಾಲ್ಕಾರು ಕುಟುಂಬ, ಹತ್ತಿ ಜಿನ್ನಿನ ಇಬ್ಬರು ಫಿಟ್ಟರುಗಳು, ಅಷ್ಟೇ ಜನ. ಪೂಜೆಯಾದ ಮೇಲೆ ಚಹಾ ಕುಡಿದು, ಚರ್ಮದ ಚೀಲ ಹೆಗಲಿಗೇರಿಸಿ, ಶಿರಹಟ್ಟಿಯ ಬಸ್ಸು ಹಿಡಿಯುತ್ತಿದ್ದರು. ಶಿರಹಟ್ಟಿಯಲ್ಲಿ ಒಬ್ಬ ದರ್ಜಿಯ ಮನೆ, ಲಕ್ಷ್ಮೇಶ್ವರದಲ್ಲಿ ಒಬ್ಬ ಕಂಪೌಂಡರ್, ಆಮೇಲೆ ಮುಂಡರಗಿಯ ಆಚೆ ಹಮ್ಮಿಗಿಯ ಹೊಳೆ ದಂಡೆಯಲ್ಲಿ ನೀರೆತ್ತುವ ಇಂಜಿನ್ ನಡೆಸುವವನ ಒಂದೇ ಒಂದು ಸಂಸಾರ. ಆ ಒಂದು ಸಂಸಾರಕ್ಕಾಗಿ ಎರಡು ದಿನ ಹೋಗುತ್ತಿತ್ತು. ಎರಡು ಹೆಂಗಸರೇ ಇರುವ ಮನೆಯಲ್ಲಿ ಉಳಿಯುವುದು ಸರಿಯಲ್ಲವೆಂದು, ತಿರುಗಿ ಬಂದಾಗಲೂ ಅವರು ಸ್ಟೇಶನ್ನಿನಲ್ಲೇ ಇರುತ್ತಿದ್ದರು.

ಏಕೀಕರಣಕ್ಕೆ ಎರಡು ವರ್ಷ ಮೊದಲಿನ ಮಾತು. ಮಳೆಗಾಲದ ಒಂದು ಮಧ್ಯಾಹ್ನ, ಶಾಲೆಗೆ ರಜೆ ಇತ್ತು. ಸ್ಟೇಶನ್ನಿನ ಹಮಾಲ ಒಬ್ಬ ಬಾಗಿಲಿಗೆ ಬಂದು, ನಿಮ್ಮ ಸ್ವಾಮಿಗಳು ಬಾಕಿನ ಮೇಲೆ ಮಲಗಿದ್ದಾರೆ, ಎಬ್ಬಿಸಿದರೆ ಏಳುತ್ತಿಲ್ಲ ಎಂದ. ಬಾಯೋರು ಬೂಟು ಹಾಕಿಕೊಂಡು ಹೊರಟರು, ನಾನೂ ಹಿಂದೆ ಹೋದೆ. ಪಾದ್ರಿಗಳು ಆ ಉದ್ದನೆಯ ಮರದ ಬಾಕಿನ ಮೇಲೆ, ಚೀಲವನ್ನು ತಲೆಯಡಿಗೆ ಇಟ್ಟುಕೊಂಡು, ಮೊಣಕಾಲು ಮಡಚಿ ಮಲಗಿದ್ದರು. ನಿಲುವಂಗಿ ಒದ್ದೆಯಾಗಿತ್ತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಸುತ್ತಲೂ ಜನ ಗಂಟು ಮೂಟೆ ಹೊತ್ತು ಓಡಾಡುತ್ತಿದ್ದರು. ಬಾಯೋರು ಆ ಬಾಕನ್ನೂ ತಲೆಯಡಿಯ ಚೀಲವನ್ನೂ ನೋಡಿದರು. ಆಮೇಲೆ ಟಾಂಗಾ ತರಿಸಿದರು.

ಮನೆಗೆ ಕರೆದೊಯ್ದರೆ ಜನ ಏನಂದಾರು ಎಂದು ನಾನು ದಾರಿಯಲ್ಲಿ ಮೆಲ್ಲಗೆ ಕೇಳಿದೆ. ಜ್ವರದ ಮನುಷ್ಯನನ್ನು ಜನ ನೋಡಿಕೊಳ್ಳುತ್ತಾರೇನು ಎಂದು ಬಾಯೋರು ತಿರುಗಿ ಕೇಳಿದರು. ನಡುಮನೆಯಲ್ಲಿ ಮಂಚ ಹಾಕಿದೆವು. ಮೂರು ದಿನ ಜ್ವರ ಇಳಿಯಲಿಲ್ಲ. ಬಾಯೋರು ಹಣೆಗೆ ಒದ್ದೆ ಬಟ್ಟೆ ಹಾಕುವುದು, ನಾನು ಬಿಸಿನೀರು ಕಾಯಿಸಿ ಕೊಡುವುದು. ಅವರು ಕಣ್ಣು ಮುಚ್ಚಿಕೊಂಡೇ ಹರಗೋಲು ಬಂತೇ, ಹರಗೋಲು ಬಂತೇ ಎಂದು ಕೇಳುತ್ತಿದ್ದರು. ಹೊಳೆ ದಾಟುತ್ತಲೇ ಇದ್ದರೆಂದು ಕಾಣುತ್ತದೆ. ಬಂತು, ಹತ್ತಿ ಕೂಡ್ರಿ ಎಂದು ಬಾಯೋರು ಉತ್ತರ ಕೊಡುತ್ತಿದ್ದರು. ನನಗೂ ಆ ಮಂಪರಿನಲ್ಲಿ ಮನೆಯೇ ತೇಲುತ್ತಿದೆ, ಮಳೆಯ ಸದ್ದೆಲ್ಲ ತುಂಗಭದ್ರೆಯದು ಎಂದು ಅನಿಸುತ್ತಿತ್ತು.

ಐದನೆಯ ಬೆಳಿಗ್ಗೆ ಬಿಸಿಲು ಬಿತ್ತು. ಪಾದ್ರಿಗಳು ಹಿತ್ತಲಲ್ಲಿ ಕುರ್ಚಿಯ ಮೇಲೆ ಕೂತು ಗಂಜಿ ಕುಡಿದರು. ನಾಲ್ಕು ಬೆಳಗು ಒಂದೇ ಕಿಟಕಿಯಿಂದ ಬೆಳಕು ನೋಡಿದ್ದು ಬಹಳ ವರ್ಷಗಳ ಮೇಲೆ ಇದೇ ಮೊದಲು ಎಂದರು. ಸಂತೋಷದ ಸುದ್ದಿ ಹೇಳುವವರಂತೆ ನಗುತ್ತ ಹೇಳಿದರು. ಬಾಯೋರು ನಗಲಿಲ್ಲ. ಎದ್ದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದಾಗಿ ಎಂಟು ದಿನಕ್ಕೆ ಬಾಯೋರು ನನ್ನ ಕೋಣೆಗೆ ಬಂದು, ದೊಡ್ಡ ಹಾಳೆ ನನ್ನ ಮುಂದಿಟ್ಟು, ನಿಮ್ಮ ಅಕ್ಷರ ಚೊಲೋ ಅದಾವ, ಒಂದು ಮೃತ್ಯುಪತ್ರ ಬರೀಬೇಕಾಗೇತಿ ಎಂದರು. ಅವರಿಗೆ ಕನ್ನಡ ಮಾತು ನಮ್ಮಷ್ಟೇ ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನಾನು ಹಾಳೆಯನ್ನು ಹತ್ತಿರ ಎಳೆದುಕೊಂಡೆ. ಹೆಸರು, ವಯಸ್ಸು, ಊರು ಬರೆದೆ. ನಾನು ಶುದ್ಧ ಬುದ್ಧಿಯಿಂದ ಬರೆಸಿದ್ದು ಎಂದು ಬರೆದೆ. ನನ್ನ ಹಿಂದೆ ಈ ಮನೆ, ಎಂದು ಅವರು ನಿಲ್ಲಿಸಿದರು. ನಾನು ಲೆಕ್ಕಣಿಕೆ ಎತ್ತಿ ಹಿಡಿದು ಕಾದೆ. ಹೊರಗೆ ಯಾವುದೋ ಗಾಡಿ ಶಂಟಿಂಗ್ ಮಾಡುತ್ತಿತ್ತು.

ಪಾದ್ರಿಗಳ ವಾಸಕ್ಕೆ, ಎಂದರು.

ನಾನು ಏನು ಎಂದು ಕೇಳಿದೆ. ಅವರು ಮತ್ತೆ ಅದನ್ನೇ ಹೇಳಿದರು. ನನ್ನ ಕೈಯಿಂದಲೇ ಬರೆದೆ. ಆಮೇಲೆ ಚಕ್ಕುಬಂದಿ, ಅಂದರೆ ಮನೆಯ ನಾಲ್ಕು ಎಲ್ಲೆ: ಪೂರ್ವಕ್ಕೆ ರೈಲು ಹಳಿ, ಪಶ್ಚಿಮಕ್ಕೆ ನೇಕಾರರ ಹಿತ್ತಲು, ಉತ್ತರಕ್ಕೆ ಓಣಿ. ದಕ್ಷಿಣಕ್ಕೆ ಖಾಲಿ ಜಾಗ ಎಂದು ಬರೆಯುವಾಗ ಮಸಿ ಹರಡಿತು. ಅಲ್ಲಿ ನಾನು ಕಟ್ಟಿದ್ದ ತುಳಸಿ ಕಟ್ಟೆ ಯಾರಿಗೂ ಕಾಣುವಂಥದ್ದಲ್ಲ.

ಬಾಯೋರು ಮಸಿ ಒತ್ತುವ ಕಾಗದ ಕೊಟ್ಟು, ನನ್ನ ಮುಖ ನೋಡಿ, ಪಕ್ಕದಲ್ಲಿ ಕೂತರು.

"ನಿಮಗ ಕೊಡಬೇಕಂತ ನಾನೂ ಭಾಳ ಸಲ ಅನ್ಕೊಂಡೀನಿ ಅಕ್ಕೋರ, ಸುಳ್ಳು ಹೇಳಂಗಿಲ್ಲ. ಆದ್ರ ನಿಮಗ ನೌಕರಿ ಐತಿ, ತಂದಿ ಅದಾರ, ಊರು ಐತಿ. ಅವರು ನಮ್ಮಂಥ ನಾಕು ಮನಿ ಸಲುವಾಗಿ ಎಲ್ಲಾ ಬಿಟ್ಟು ಬಂದಾರ. ಆ ಬಾಕಿನ ಮ್ಯಾಲ ಅವರು ಮಲಗಿದ್ದು ನೋಡಿದ ಮ್ಯಾಲ ನನಗ ಈ ಮನ್ಯಾಗ ನಿದ್ದಿ ಬರವಲ್ದು."

ನಾನು ಆತ್ರಿ ಎಂದಷ್ಟೇ ಹೇಳಿದೆ. ಶನಿವಾರ ಶಾಲೆ ಬಿಟ್ಟಕೂಡಲೇ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಅಪ್ಪ ಗುಡಿಯ ಕಂಬಕ್ಕೆ ಒರಗಿ ಹಿತ್ತಾಳೆಯ ಸಮೆಗಳನ್ನು, ಅಂದರೆ ದೀಪದ ಕಂಬಗಳನ್ನು, ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದರು. ಮಧ್ಯಾಹ್ನದ ಗುಡಿ. ಜನರಿಲ್ಲ, ಗೂಡಿನಲ್ಲಿ ಪಾರಿವಾಳಗಳು ಮಾತ್ರ. ನಾನು ನನ್ನ ನೋವನ್ನು ಹಾಗೇ ಹೇಳಲಿಲ್ಲ, ವ್ಯವಹಾರದ ಮಾತಾಗಿ ಹೇಳಿದೆ. ತಿಂಗಳಿಗೊಮ್ಮೆ ಬಂದು ಹೋಗುವ ಮನುಷ್ಯನಿಗೆ ಯಾರಾದರೂ ಇಡೀ ಮನೆ ಬರೆದು ಕೊಡುತ್ತಾರೆಯೇ, ಇದು ಹುಚ್ಚುತನ ಅಲ್ಲವೇ ಎಂದೆ. ಅಪ್ಪ ಎಲ್ಲ ಕೇಳಿಸಿಕೊಂಡು, ಅವರ ಪೂಜೆಗೆ ದೀಪಕ್ಕೆ ಏನು ಇಟ್ಟಿದ್ದಾರೆ, ಬಂದವರಿಗೆ ಅಡಿಗೆ ಮಾಡಿ ಹಾಕುವವರು ಯಾರು ಎಂದು ಕೇಳಿದರು. ನನಗೆ ಸಿಟ್ಟು ಬಂತು. ಅದನ್ನು ಕೇಳಲು ನಾನು ಬಂದಿಲ್ಲ ಎಂದೆ.

ಅಪ್ಪ ಸಮೆ ಕೆಳಗಿಟ್ಟರು.

"ಈ ಗುಡಿಗೆ ಹೊಲಾ ಬಿಟ್ಟಾಕಿ ಒಬ್ಬಾಕಿ ಹೆಣ್ಣಮಗಳು. ಕಲ್ಲಿನ ಮ್ಯಾಲ ಆಕಿ ಹೆಸರು ಇತ್ತಂತ, ನಮ್ಮ ಅಜ್ಜನ ಕಾಲಕ್ಕ ಅದು ಸವೆದು ಹೋತು. ಆಕಿ ಬಿಟ್ಟ ಜ್ವಾಳಾ ತಿಂದು ನೀ ಬೆಳದಿ. ಆಕಿ ಮನ್ಯಾಗೂ ಯಾರರ ಒಬ್ಬರು ಸಿಟ್ಟಾಗಿರಬೇಕು ನೋಡು."

ಅಷ್ಟು ಹೇಳಿ ಮತ್ತೆ ಸಮೆ ತಿಕ್ಕತೊಡಗಿದರು. ಅವರಿಗೆ ಎಲ್ಲ ಗೊತ್ತಾಗಿತ್ತು. ನಾನು ಕಂಬದ ನೆರಳು ಸರಿದು ನನ್ನ ಕಾಲ ಮೇಲೆ ಬರುವ ತನಕ ಕೂತಿದ್ದೆ. ಆ ಹೆಸರಿಲ್ಲದ ಹೆಂಗಸು ಹೇಗಿದ್ದಳೋ ಎಂದು ಯೋಚಿಸಿದೆ. ನನ್ನ ಕಣ್ಣಿಗೆ ಅವಳು ಬಿಳಿ ಸೀರೆ ಉಟ್ಟು, ಬೂಟು ಹಾಕಿಕೊಂಡೇ ಬಂದಳು.

ಮುಂದಿನ ತಿಂಗಳು ಬಾಯೋರು ಪಾದ್ರಿಗಳಿಗೆ ಆ ಹಾಳೆ ತೋರಿಸಿದರು. ಅವರಿಗೆ ಸಂತೋಷವಾಗುತ್ತದೆಂದು ನಾನು ತಿಳಿದಿದ್ದೆ. ಅವರು ಓದಿ ಗಾಬರಿಯಾದರು. ನನ್ನ ಹೆಸರು ಇದರಲ್ಲಿ ಎಲ್ಲಿಯೂ ಇರಕೂಡದು, ನಾನು ಇವತ್ತು ಇಲ್ಲಿ, ನಾಳೆ ಎಲ್ಲಿಗೆ ಕಳಿಸುತ್ತಾರೋ, ಕೊಡುವುದಾದರೆ ಧರ್ಮಸಭೆಗೆ ಕೊಡಿ, ಗದಗಿಗೆ ಯಾರು ಬರುತ್ತಾರೋ ಅವರ ವಾಸಕ್ಕೆ ಎಂದು ಬರೆಯಿರಿ ಎಂದರು. ಬಾಯೋರು ಒಪ್ಪಿದರು. ಅಪ್ಪ ಕೇಳಿದ್ದನ್ನು ನಾನು ಹೇಳಿದಾಗ, ಪೋಸ್ಟಿನಲ್ಲಿ ಕೂಡಿಟ್ಟಿದ್ದ ಅಷ್ಟಿಷ್ಟು ಹಣವನ್ನು ಮೇಣದಬತ್ತಿಗೆ, ಅಡಿಗೆಯವಳಿಗೆ ಎಂದು ಸೇರಿಸಿದರು. ಆಮೇಲೆ ಪಾದ್ರಿಗಳು ನನ್ನ ಕಡೆ ತಿರುಗಿದರು.

"ಇದೆಲ್ಲ ಆದ ಮೇಲೆ ಟೀಚರು ಎಲ್ಲಿ ಇರ್ತಾರೆ?"

ಬಾಯೋರು ತಲೆ ತಗ್ಗಿಸಿದರು. ಬಹುಶಃ ಎಷ್ಟೋ ದಿನದಿಂದ ಅದೇ ಪ್ರಶ್ನೆ ಅವರನ್ನು ಕೊರೆಯುತ್ತಿತ್ತು. ನನ್ನ ಬಾಯಿಂದ ಮಾತು ತಾನಾಗಿ ಬಂತು. ಬೆಟಗೇರಿಯಲ್ಲಿ ಈಗ ನನ್ನನ್ನು ಎಲ್ಲರೂ ಬಲ್ಲರು, ಅಲ್ಲಿ ನನಗೆ ಮನೆ ಸಿಗುತ್ತದೆ, ನನ್ನ ಚಿಂತೆ ಮಾಡಬೇಡಿ ಎಂದೆ. ಹೇಳಿದ ಮೇಲೆ ನೋಡಿದರೆ ಎದೆ ಹಗುರವಾಗಿತ್ತು. ಯಾವುದನ್ನು ಇಷ್ಟು ವರ್ಷ ಹೊತ್ತಿದ್ದೆನೋ ಅದು ನನ್ನದಾಗಿರಲೇ ಇಲ್ಲ. ಆದರೂ ಇಳಿಸಿದ್ದು ನಾನೇ ಎನಿಸಿತು.

ಹೊಸ ಹಾಳೆಯ ಮೇಲೆ ಮತ್ತೆ ಬರೆದೆ. ಈ ಸಲ ಮಸಿ ಹರಡಲಿಲ್ಲ. ಎರಡು ಸಾಕ್ಷಿ ಬೇಕಾಗಿತ್ತು. ಒಬ್ಬರು ಅವರ ಮಂದಿಯ ರೈಲ್ವೆ ಗಾರ್ಡು. ಇನ್ನೊಂದು ಸಾಕ್ಷಿಗೆ ನಾ ಬರತೀನಿ ಎಂದು ಅಪ್ಪ ಕಾರ್ಡು ಬರೆದರು. ಬಂದರು ಕೂಡ, ತಮ್ಮ ನೀರಿನ ತಂಬಿಗೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು. ಬಾಯೋರ ಮನೆಯಲ್ಲಿ ಅವರು ಒಂದು ಹನಿ ನೀರೂ ಕುಡಿಯಲಿಲ್ಲ. ಬಾಯೋರೂ ಕುಡಿಯಿರಿ ಎನ್ನಲಿಲ್ಲ. ಆದರೆ ಮುಂದಿನ ಕಟ್ಟೆಗೆ ಹೊಸ ಚಾಪೆ ಹಾಸಿದ್ದರು.

ನೋಂದಣಿ ಕಚೇರಿಯಲ್ಲಿ ಕಾರಕೂನ ಅಪ್ಪನ ಹಣೆ, ಪಾದ್ರಿಗಳ ನಿಲುವಂಗಿ, ಬಾಯೋರ ಬೂಟು ಎಲ್ಲವನ್ನೂ ಒಂದು ಸಲ ನೋಡಿ, ನೀವು ಇವರಿಗೆ ಏನಾಗಬೇಕು ಎಂದು ಅಪ್ಪನನ್ನು ಕೇಳಿದ.

ಅಪ್ಪ ಪಾದ್ರಿಗಳತ್ತ ಕೈ ತೋರಿಸಿ, "ನಾವಿಬ್ಬರೂ ಒಂದ ಕಸುಬಿನವರು" ಎಂದರು.

ಕಾರಕೂನ ಊಟಕ್ಕೆ ಹೋಗಿ ಬರುವ ತನಕ ಇಬ್ಬರೂ ಅಂಗಳದ ಬೇವಿನ ಕೆಳಗೆ ಕೂತು ಮಾತಾಡಿದರು. ನಾನು ಬಾಯೋರ ಜೊತೆ ಸ್ವಲ್ಪ ದೂರ ಕೂತಿದ್ದೆ. ಗಾಳಿಗೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ಮೇಣದಬತ್ತಿ ಗಾಳಿಗೆ ನಿಲ್ಲುತ್ತದೆಯೇ ಎಂದು ಅಪ್ಪ ಕೇಳಿದರು. ಪೂಜೆಯ ಪಾತ್ರೆಗಳನ್ನು ಯಾರು ತೊಳೆಯುತ್ತಾರೆ ಎಂದು ಪಾದ್ರಿಗಳು ಕೇಳಿದರು. ಒಂದು ದಿನ ಯಾರೂ ಬರದಿದ್ದರೆ ಏನು ಮಾಡುತ್ತೀರಿ ಎಂದು ಅಪ್ಪ ಕೇಳಿದ್ದು ಚೆನ್ನಾಗಿ ನೆನಪಿದೆ. ಬಂದಿದ್ದಾರೆ ಎಂದುಕೊಂಡೇ ಪೂರ್ತಿ ಮಾಡುತ್ತೇನೆ ಎಂದರು ಪಾದ್ರಿಗಳು. ಅಪ್ಪ ತಲೆಯಾಡಿಸಿ ಅವರಿಗೆ ಎರಡು ಬಾಳೆಹಣ್ಣು ಕೊಟ್ಟರು. ಬೇವಿನ ಎಲೆ ಇಬ್ಬರ ಹೆಗಲ ಮೇಲೂ ಉದುರುತ್ತಿತ್ತು, ಇಬ್ಬರೂ ಅದನ್ನು ಒರೆಸಿಕೊಳ್ಳಲಿಲ್ಲ.

ರಾಜ್ಯ ಒಂದಾದ ದಿನ ನಾನು ಶಾಲೆಯ ಹುಡುಗಿಯರ ಸಾಲನ್ನು ಬೆಟಗೇರಿಯಿಂದ ಗದಗಿನವರೆಗೆ ಮೆರವಣಿಗೆಯಲ್ಲಿ ಕರೆದೊಯ್ದೆ. ತೋರಣ, ಬಾಜಾಬಜಂತ್ರಿ, ಎಲ್ಲರ ಬಾಯಲ್ಲೂ ಜೈಕಾರ. ಬಾಯೋರಿಗೆ ಕಾಲು ಬಾತಿತ್ತು. ಅವರು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ನಾನು ಸಂಜೆ ಬಂದಾಗ ಅವರ ಮುಖದಲ್ಲಿ ಚಿಂತೆ. ಮೃತ್ಯುಪತ್ರದಲ್ಲಿ ಮುಂಬಯಿ ರಾಜ್ಯ ಎಂದು ಬರೆದಿದ್ದೇವೆ, ಇನ್ನು ಅದು ನಡೆಯುತ್ತದೆಯೇ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಪಾದ್ರಿಗಳಿಗೆ ಕಾರ್ಡು ಬರೆದೆವು. ರಾಜ್ಯ ಬದಲಾಗಿದೆ, ನಿಮ್ಮ ಗೋಡೆಗಳು ಎಲ್ಲಿಗೂ ಹೋಗಿಲ್ಲ, ನಿಶ್ಚಿಂತೆಯಿಂದಿರಿ ಎಂದು ಅವರ ಉತ್ತರ ಬಂತು. ಬಾಯೋರು ಆ ಕಾರ್ಡನ್ನು ನನ್ನಿಂದ ಮೂರು ಸಲ ಓದಿಸಿ ದಿಂಬಿನಡಿ ಇಟ್ಟುಕೊಂಡರು.

ಆ ಚಳಿಗಾಲ ಅವರು ತೀರಿಕೊಂಡರು. ಬೆಳಿಗ್ಗೆ ಚಹಾಕ್ಕೆ ಕರೆಯಲು ಹೋದೆ, ಅವರು ಎದ್ದಿರಲಿಲ್ಲ. ಮುಖದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ನಾನು ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ. ತಂತಿ ಹೋದ ಮೇಲೆ ಪಾದ್ರಿಗಳು ಹುಬ್ಬಳ್ಳಿಯಿಂದ ಬಂದರು. ಅಷ್ಟರಲ್ಲಿ ಬೆಟಗೇರಿಯ ಹೆಂಗಸರು ಮಗ್ಗ ನಿಲ್ಲಿಸಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಓಣಿ ತುಂಬ ನಿಂತಿದ್ದರು. ಪಾದ್ರಿಗಳು ಒಳಗೆ ಹೋಗಲು ದಾರಿಯೇ ಇರಲಿಲ್ಲ.

ಪಾದ್ರಿಗಳು ನನಗೆ ಎಷ್ಟು ದಿನ ಬೇಕಾದರೂ ಇರಿ ಎಂದರು. ನಾನು ಒಂದು ತಿಂಗಳು ಇದ್ದು, ಅಷ್ಟರಲ್ಲಿ ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಮನೆಯವಳು ಬಾಯೋರ ಕೈಯಲ್ಲಿ ಮೂರು ಮಕ್ಕಳನ್ನು ಹೆತ್ತವಳು. ನಾನು ಯಾರ ಜೊತೆ ಇದ್ದವಳು ಎಂದು ಹೇಳಿದ್ದಷ್ಟೇ, ಬೇರೇನೂ ಕೇಳಲಿಲ್ಲ. ಹೊರಡುವ ದಿನ ನೆಲ ಸಾರಿಸಿ ಕೀಲಿಕೈಯನ್ನು ಪಾದ್ರಿಗಳ ಕೈಗೆ ಕೊಟ್ಟೆ. ಆ ಮನೆಯಲ್ಲಿ ಅವರು ಹೆಚ್ಚು ದಿನ ಇರಲಿಲ್ಲ. ಬೇಸಿಗೆಯ ಹೊತ್ತಿಗೆ ಅವರನ್ನು ದೂರದ ಯಾವುದೋ ಊರಿಗೆ ಕಳಿಸಿದರು. ಹೋಗುವ ಮುಂಚೆ ಶಾಲೆಗೆ ಬಂದು ಹೇಳಿ ಹೋದರು.

ಹೊಸದಾಗಿ ಬಂದ ಪಾದ್ರಿ ವಯಸ್ಸಿನಲ್ಲಿ ಚಿಕ್ಕವರು. ಅವರು ತಿಂಗಳಿಗೊಮ್ಮೆ ಬಂದು ಹೋಗುವವರಲ್ಲ, ಗದಗಿನಲ್ಲೇ ನೆಲೆಸಲು ಬಂದವರು. ಎರಡು ವರ್ಷದ ಮೇಲೆ ಒಂದು ದಿನ ನನಗೆ ಹೇಳಿಕಳಿಸಿದರು. ಹೋದೆ. ಮುಂದಿನ ಕೋಣೆಯಲ್ಲಿ ಬಾಕು ಹಾಕಿ ಮಕ್ಕಳಿಗೆ ಪಾಠ ನಡೆಸಿದ್ದರು. ಅಡಿಗೆಯವಳು ಅನ್ನ ಬಸಿಯುತ್ತಿದ್ದಳು. ಪ್ರತಿ ವರ್ಷ ಬಾಯೋರು ತೀರಿದ ದಿನ ಪೂಜೆಯಲ್ಲಿ ಅವರ ಹೆಸರು ಹೇಳುತ್ತೇವೆ, ಆದರೆ ನನಗೆ ಆ ಹೆಸರಿನ ಹೊರತು ಬೇರೇನೂ ಗೊತ್ತಿಲ್ಲ, ಅವರು ಹೇಗಿದ್ದರು ಎಂದು ಕೇಳಿದರು.

ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಹೇಳಿದೆ. ಅವರು ಎದುರಿಗೆ ಕುರ್ಚಿ ಹಾಕಿಕೊಂಡು, ನಡುವೆ ಬಾಯಿ ಹಾಕದೆ ಕೇಳಿದರು. ನನ್ನ ಕನಸಿನ ವಿಷಯವನ್ನೂ ಮುಚ್ಚಿಡಲಿಲ್ಲ. ಮಾತು ಮುಗಿದಾಗ ಬಿಸಿಲು ಇಳಿದಿತ್ತು. ನಾನು ಎದ್ದು, ಹಳಿ ದಾಟಿ, ಬೆಟಗೇರಿಯ ದಾರಿ ಹಿಡಿದೆ. ಓಣಿಯಲ್ಲಿ ಮಗ್ಗಗಳು ಇನ್ನೂ ನಡೆದಿದ್ದವು. ಹೊಸ್ತಿಲಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದ ನಮ್ಮ ಮನೆಯವಳು ತಲೆ ಎತ್ತಿ, ಎಲ್ಲಿಗೆ ಹೋಗಿದ್ರಿ ಅಕ್ಕೋರ ಎಂದು ಕೇಳಿದಳು.

"ಬಾಯೋರ ಮನಿಗೆ" ಎಂದೆ.

ಅವಳು ಹೂಂ ಎಂದು ಮತ್ತೆ ನೂಲು ಹಿಡಿದಳು.